ಕಾನ್ವಿಕ್ಟ್ ಜೋಡಿ ಗೌರಾಮಿಗೆ ಉಸಿರು ತಗೊಳ್ಳೋಕೂ ಬಿಡ್ತಿಲ್ಲ, ಏನು ಮಾಡಲಿ?

ಮಾವಿನಕೆರೆ_ರಾಯಚೂರು
ಏಪ್ರಿಲ್ 14, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವಳು, ಪ್ರೈಮರಿ ಶಾಲೆ ಟೀಚರ್. ಈ ಟ್ಯಾಂಕ್ ನನ್ನ ಮಗನದು. ಹೋದ ವರ್ಷ ಅವನು ಓದಲಿಕ್ಕೆ ಧಾರವಾಡಕ್ಕೆ ಹೋದ. ಅವತ್ತಿನಿಂದ ಮೀನುಗಳ ಊಟ, ನೀರು ಎಲ್ಲಾ ನನ್ನದೇ. ಮೊದಮೊದಲು ಅವನಿಗೋಸ್ಕರ ಮಾಡುತ್ತಿದ್ದೆ. ಈಗ ಶಾಲೆಯಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಟ್ಯಾಂಕ್ ಮುಂದೆ ಹೋಗಿ ಕೂರುತ್ತೇನೆ.

ಟ್ಯಾಂಕ್ ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರ. ಕಲ್ಲು, ಉಸುಕು ಬಿಟ್ಟು ಸುಮಾರು 115 ಲೀಟರ್ ನೀರು ಹಿಡಿಯುತ್ತದೆ. ಎರಡು ಕಾನ್ವಿಕ್ಟ್ ಸಿಕ್ಲಿಡ್ (ಅಂಗಡಿಯವರು ಜೀಬ್ರಾ ಅಂತ ಹೇಳಿ ಕೊಟ್ಟಿದ್ದರು), ಒಂದು ನೀಲಿ ಗೌರಾಮಿ, ಐದು ರೋಸಿ ಬಾರ್ಬ್ ಇದ್ದವು. ಈಗ ಬಾರ್ಬ್ ಮೂರೇ ಉಳಿದಿವೆ.

ಯುಗಾದಿಗೆ ತಂದ ಒಂದು ಸಣ್ಣ ಮಣ್ಣಿನ ಕುಡಿಕೆಯನ್ನು ತೊಳೆದು ಎಡಗಡೆ ಮೂಲೆಯಲ್ಲಿ ಅಡ್ಡ ಮಲಗಿಸಿದ್ದೆ, ನೋಡೋಕೆ ಚೆಂದ ಅಂತ. ಎರಡೇ ದಿನದಲ್ಲಿ ಅದು ಕಾನ್ವಿಕ್ಟ್‌ಗಳ ಮನೆಯಾಯಿತು. ಬಾಯಿತುಂಬ ಉಸುಕು ತಂದು ಹೊರಗೆ ಉಗುಳುವುದು, ಮತ್ತೆ ಒಳಗೆ ಹೋಗುವುದು. ಕುಡಿಕೆ ಮುಂದೆ ತಳದ ಗಾಜು ಕಾಣುವ ತನಕ ತೋಡಿಬಿಟ್ಟವು. ನಿನ್ನೆ ಮಧ್ಯಾಹ್ನ ಮೊಟ್ಟೆ ಇಟ್ಟಿವೆ. ಟಾರ್ಚ್ ಹಾಕಿ ನೋಡಿದೆ. ಕುಡಿಕೆಯ ಒಳಮೈಗೆ ರವೆ ಮೆತ್ತಿದ ಹಾಗೆ ಅಂಟಿವೆ, ತೆಳು ಕಂದು ಬಣ್ಣ, ನೂರಕ್ಕೂ ಜಾಸ್ತಿ ಇರಬಹುದು. ಹೆಣ್ಣು ಪಕ್ಕದ ರೆಕ್ಕೆಗಳಿಂದ ಮೊಟ್ಟೆಗೆ ಗಾಳಿ ಬೀಸುತ್ತಲೇ ಇರುತ್ತದೆ. ಅದರ ಹೊಟ್ಟೆ ಪಕ್ಕ ಕಿತ್ತಳೆ ಬಣ್ಣ ಬಂದಿದೆ, ಬಹಳ ಚೆಂದ. ಬೆಳ್ಳಗಾದ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತದೆ.

ಗಂಡು ಕುಡಿಕೆ ಹತ್ತಿರ ಇರುವುದು ಕಡಿಮೆ. ನಡುವೆ ಒಂದು ಕರಿಕಲ್ಲು ಇದೆ. ನಿನ್ನೆ ತನಕ ಆ ಕಲ್ಲಿನ ಬಲಗಡೆ ಯಾರಿದ್ದರೂ ಅದು ಕೇಳುತ್ತಿರಲಿಲ್ಲ. ಬಾರ್ಬ್ ಕಲ್ಲು ದಾಟಿ ಒಂದು ಬೆರಳು ಎಡಕ್ಕೆ ಬಂದರೆ ಸಾಕು, ಹಾರಿ ಹೋಗಿ ಕಚ್ಚುತ್ತಿತ್ತು. ವಾಪಸ್ ಬರುವಾಗ ಸರಿಯಾಗಿ ಕಲ್ಲಿನ ಹತ್ತಿರ ತಿರುಗುತ್ತಿತ್ತು. ಯಾರೋ ಗೆರೆ ಎಳೆದಿದ್ದಾರೆ ಅನ್ನುವ ಹಾಗೆ. ಇವತ್ತು ಆ ಗೆರೆಯೂ ಹೋಯಿತು. ಇಡೀ ಟ್ಯಾಂಕ್ ತನ್ನದೇ ಅನ್ನುತ್ತಿದೆ.

ಪಾಪ ಅನ್ನಿಸುವುದು ಗೌರಾಮಿಗೆ. ಅದು ಬಲಗಡೆ ಫಿಲ್ಟರ್ ಹಿಂದೆ ಸೇರಿಕೊಂಡಿದೆ. ಆದರೆ ಗೌರಾಮಿ ಆಗಾಗ ಮೇಲೆ ಬಂದು ಗಾಳಿ ಕುಡಿಯಲೇಬೇಕಲ್ವಾ? ಮೇಲೆ ಬಂದಾಗಲೆಲ್ಲ ಗಂಡು ಓಡಿ ಬಂದು ಹೊಡೆಯುತ್ತದೆ. ಮುಂದಿನ ಎರಡು ಎಳೆ ಮೀಸೆಯಲ್ಲಿ ಒಂದು ಅರ್ಧ ತುಂಡಾಗಿದೆ. ಬಾಲ ಹರಿದಿದೆ. ಇವತ್ತು ಸಂಜೆ ಅದು ಮೇಲೆ ಬರಲು ಹೆದರಿ ಹೆದರಿ, ನೀರಿಗೆ ಎರಡು ಇಂಚು ಕೆಳಗೆ ನಿಂತು, ಮತ್ತೆ ಒಳಗೆ ಹೋಯಿತು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಅಂಗಡಿಯಲ್ಲಿ ಕೇಳಿದರೆ ‘ಇನ್ನೂ ಐದಾರು ಮೀನು ಹಾಕಿ, ಜಗಳ ಹಂಚಿ ಹೋಗುತ್ತದೆ’ ಅಂದರು. ಪಕ್ಕದ ಮನೆಯವರು ‘ಎರಡನ್ನೂ ಮಾವಿನಕೆರೆಗೆ ಬಿಟ್ಟುಬಿಡಿ’ ಅಂತಾರೆ. ಮಗ ಫೋನಿನಲ್ಲಿ ‘ಕೆರೆಗೆ ಮಾತ್ರ ಬೇಡಮ್ಮ’ ಅಂದ. ನನಗೆ ಕಾನ್ವಿಕ್ಟ್‌ಗಳನ್ನು ಕೊಡಲೂ ಮನಸ್ಸಿಲ್ಲ. ಮೊಟ್ಟೆಗೆ ಅಷ್ಟು ಜೋಪಾನ ಮಾಡುವ ಜೀವ ಕೆಟ್ಟದ್ದು ಅಂತ ಹೇಗೆ ಅನ್ನಲಿ? ನೀರು 33 ಡಿಗ್ರಿ ತೋರಿಸುತ್ತಿದೆ. ಶೆಕೆಗೆ ಸಿಟ್ಟು ಬಂದಿದೆಯಾ? ತಿಳಿದವರು ಹೇಳಿ.


ಕೌಲ್‌ಬಜಾರ್_ಬಳ್ಳಾರಿ
ಏಪ್ರಿಲ್ 14, ರಾತ್ರಿ 10:25

ಅಕ್ಕಾ, ಮೊದಲು ಗೌರಾಮಿಯನ್ನು ಹೊರಗೆ ತೆಗೆಯಿರಿ. ಇವತ್ತೇ. ಉಳಿದದ್ದು ಆಮೇಲೆ ಓದಿ.

ಲೈಟ್ ಆರಿಸಿ ಅರ್ಧ ಗಂಟೆ ಬಿಟ್ಟು ಬಲೆ ಹಾಕಿದರೆ ಸುಲಭವಾಗಿ ಸಿಗುತ್ತದೆ. ಸೋಪು ಮುಟ್ಟದ ಒಂದು 20 ಲೀಟರ್ ಬಕೆಟ್ ಸಾಕು. ಟ್ಯಾಂಕಿನ ನೀರನ್ನೇ ತುಂಬಿ. ಹತ್ತು ಲೀಟರಿಗೆ ಎರಡು ಟೀ ಚಮಚ ಕಲ್ಲುಪ್ಪು ಬೇರೆ ಲೋಟದಲ್ಲಿ ಕರಗಿಸಿ ನಿಧಾನವಾಗಿ ಸೇರಿಸಿ. ಮೇಲೆ ಬಲೆ ಬಟ್ಟೆ ಕಟ್ಟಿ, ಗೌರಾಮಿ ಹಾರುತ್ತದೆ. ನೀರು ಅಂಚಿನ ತನಕ ತುಂಬಬೇಡಿ, ಮೇಲೆ ಗಾಳಿಗೆ ಜಾಗ ಇರಲಿ. ಬಕೆಟ್‌ನಲ್ಲಿ ಫಿಲ್ಟರ್ ಇರುವುದಿಲ್ಲ, ಹಾಗಾಗಿ ದಿನಾ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಉಪ್ಪು ಇರಲಿ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಮೋಟರ್ ವೈಂಡಿಂಗ್ ಕೆಲಸದವನು, ಸಿಕ್ಲಿಡ್ ಸಾಕಲು ಶುರು ಮಾಡಿ 14 ವರ್ಷ ಆಯಿತು. ನಿಮ್ಮ ಮೀನಿಗೆ ಬಂದಿರುವುದು ರೋಗವಲ್ಲ, ಬರೀ ಶೆಕೆಯ ಸಿಟ್ಟೂ ಅಲ್ಲ. ನೀವು ಬರೆದ ಕರಿಕಲ್ಲಿನ ಮಾತಿದೆಯಲ್ಲ, ಅದರಲ್ಲೇ ಉತ್ತರ ಇದೆ. ಕಾನ್ವಿಕ್ಟ್ ಕಾಯುವುದು ಜಾಗವನ್ನು. ಮೊಟ್ಟೆ ಇಟ್ಟಾಗ ಹೆಣ್ಣು ಮೊಟ್ಟೆಯ ಹತ್ತಿರ, ಗಂಡು ಬೇಲಿಯ ಹತ್ತಿರ. ಇವು ಮಧ್ಯ ಅಮೆರಿಕದ ಹೊಳೆ, ಕೆರೆಗಳ ಮೀನು. ಅಲ್ಲಿ ಓಡಿಸಿದ ಮೀನು ನಿಜವಾಗಲೂ ದೂರ ಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಓಡಿಸಿದ ಗೌರಾಮಿ ಮೂರಡಿ ಆಚೆ ಗಾಜಿಗೆ ಬಡಿದು ನಿಲ್ಲುತ್ತದೆ, ಇನ್ನೂ ಕಣ್ಣಿಗೆ ಕಾಣುತ್ತದೆ. ಗಂಡಿನ ಪಾಲಿಗೆ ಅದು ಹೋಗೇ ಇಲ್ಲ. ಅದಕ್ಕೇ ಮತ್ತೆ ಹೊಡೆಯುತ್ತದೆ.

ಇನ್ನೊಂದು ಮಾತು ಗಮನವಿಟ್ಟು ಓದಿ. ಈಗ ನೋಡುತ್ತಿರುವುದು ಶುರು ಅಷ್ಟೇ. ಮೊಟ್ಟೆ ಮೂರು ದಿನದೊಳಗೆ ಒಡೆಯುತ್ತವೆ. ಆಮೇಲೆ ಮೂರ್ನಾಲ್ಕು ದಿನ ಮರಿಗಳು ಹೊಟ್ಟೆಗೆ ಅಂಟಿದ ಭಂಡಾರ ತಿಂದುಕೊಂಡು ಗುಂಡಿಯಲ್ಲಿ ಮಿಸುಕಾಡುತ್ತವೆ. ಅವು ಎದ್ದು ಈಜಿದ ದಿನ ಕುಡಿಕೆ ಲೆಕ್ಕಕ್ಕೇ ಬರುವುದಿಲ್ಲ. ಮರಿ ಎಲ್ಲೆಲ್ಲಿ ಹೋಗುತ್ತವೋ ಗಡಿ ಅಲ್ಲಲ್ಲಿಗೆ ಹೋಗುತ್ತದೆ. ಅಷ್ಟರೊಳಗೆ ಟ್ಯಾಂಕ್ ಎರಡು ಭಾಗ ಆಗಿರಬೇಕು.

ನಾನು ಇದನ್ನು ತಡವಾಗಿ ಕಲಿತೆ. ಎಂಟಿಂಚಿನ ಆಸ್ಕರ್ ಒಂದಿತ್ತು. ಅದರ ಜೊತೆಗೆ ಮೂರಿಂಚಿನ ಕಾನ್ವಿಕ್ಟ್ ಜೋಡಿ ಬಿಟ್ಟೆ. ದೊಡ್ಡದಕ್ಕೆ ಸಣ್ಣದು ಏನು ಮಾಡೀತು ಅಂದುಕೊಂಡೆ. ಮರಿ ಈಜಿದ ಮಾರನೇ ಬೆಳಿಗ್ಗೆ ಆಸ್ಕರ್ ಮೂಲೆಯಲ್ಲಿ ತಲೆ ಕೆಳಗೆ ಮಾಡಿ ನಿಂತಿತ್ತು. ಬಲಗಣ್ಣು ಇರಲಿಲ್ಲ. ಅದು ಆಮೇಲೂ ನಾಲ್ಕು ವರ್ಷ ಬದುಕಿತು. ಊಟ ಹಾಕಿದರೆ ಮೈ ತಿರುಗಿಸಿ ಎಡಗಣ್ಣಿನಿಂದ ನೋಡಿ ತಿನ್ನುತ್ತಿತ್ತು. ಪ್ರತಿಸಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಬೇಲಿಗೆ: ಕಾಂಪೌಂಡ್ ತೋಟಗಳಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಜಾಲಿ ಸಿಗುತ್ತದೆ, ಸಣ್ಣ ಕಣ್ಣಿನದು ತಗೊಳ್ಳಿ. ಟ್ಯಾಂಕಿನ ಅಗಲ, ಎತ್ತರಕ್ಕೆ ಕತ್ತರಿಸಿ, ಅಂಚಿಗೆ ಸೀಳಿದ ಏರ್ ಪೈಪ್ ಸಿಕ್ಕಿಸಿ, ಗಾಜಿಗೆ ರಬ್ಬರ್ ಬಟ್ಟಲಿನಿಂದ ಕೂರಿಸಿ. ಕೆಳಗಿನ ಅಂಚು ಉಸುಕಿನೊಳಗೆ ಗಾಜಿನ ತನಕ ಹೋಗಲಿ, ಇಲ್ಲದಿದ್ದರೆ ಕೆಳಗಿಂದ ತೋಡಿ ಆಚೆ ಬರುತ್ತವೆ. ಆದರೆ ಬರೀ ಜಾಲಿ ಸಾಲದು, ಆಚೆಯದು ಕಾಣುತ್ತದೆ. ನಿಮ್ಮೂರಲ್ಲಿ ಶಾಬಾದ್ ಪರಶಿ ತುಂಡು ಎಲ್ಲಾ ಕಡೆ ಸಿಗುತ್ತದೆ. ಗೌರಾಮಿ ಕಡೆಯಲ್ಲಿ, ಜಾಲಿಗೆ ಒತ್ತಿ, ಎರಡು ತುಂಡು ಎತ್ತರಕ್ಕೆ ನಿಲ್ಲಿಸಿ. ಅದು ಸುಣ್ಣದ ಕಲ್ಲು, ನೀರು ಸ್ವಲ್ಪ ಗಡುಸಾಗುತ್ತದೆ. ಗಡುಸು ನೀರು ಕಾನ್ವಿಕ್ಟ್‌ಗೆ ಒಗ್ಗುತ್ತದೆ. ಒಂದು ಎಚ್ಚರಿಕೆ: ಯಾವ ಕಲ್ಲನ್ನೂ ಉಸುಕಿನ ಮೇಲೆ ಇಡಬೇಡಿ. ಉಸುಕು ಸರಿಸಿ ತಳದ ಗಾಜಿನ ಮೇಲೆ ಕೂರಿಸಿ, ಅಡಿಗೆ ಒಂದು ತುಂಡು ಥರ್ಮೋಕೋಲ್ ಇರಲಿ. ಇವು ಬುಡ ತೋಡುತ್ತವೆ, ಕಲ್ಲು ಉರುಳಿದರೆ ಗಾಜು ಹೋಗುತ್ತದೆ.

ಫಿಲ್ಟರ್ ಬಾಯಿಗೆ ಸ್ಪಂಜು ಕಟ್ಟಿ, ಮರಿ ಎಳೆದುಕೊಂಡೀತು.

33 ಡಿಗ್ರಿ ಜಾಸ್ತಿಯೇ. ಇವಕ್ಕೆ 24ರಿಂದ 28 ಸಾಕು. ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಹಿಡಿಯುತ್ತದೆ, ಮೀನಿಗೆ ಮಾತ್ರ ಜಾಸ್ತಿ ಬೇಕಾಗುತ್ತದೆ. ಅಮೋನಿಯಾದ ವಿಷವೂ ಬಿಸಿ ನೀರಿನಲ್ಲಿ ಹೆಚ್ಚು. ಸತ್ತ ಬಾರ್ಬ್ ಕಲ್ಲಿನ ಸಂದಿಯಲ್ಲಿ ಉಳಿದಿಲ್ಲ ತಾನೇ? ನೋಡಿ. ಗಾಜಿನ ಮುಚ್ಚಳ ತೆಗೆದು ಬಲೆ ಹಾಕಿ, ಟೇಬಲ್ ಫ್ಯಾನ್ ನೀರಿನ ಮೇಲೆ ಓರೆಯಾಗಿ ಬೀಸಲಿ. ಹರವಿ ನೀರು ತಣ್ಣಗಾಗುವ ಹಾಗೆಯೇ ಇದು, ನೀರು ಆರಿ ಆರಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಬಳ್ಳಾರಿ ಬಿಸಿಲಿಗೂ ನಾನು ಮಾಡುವುದು ಇಷ್ಟೇ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.


ಸಿಕ್ಲಿಡ್_ಗಂಗಾವತಿ
ಏಪ್ರಿಲ್ 15, ಬೆಳಿಗ್ಗೆ 7:10

ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ ಮೇಡಂ. ನನ್ನ ಐದಡಿ ಟ್ಯಾಂಕಿನಲ್ಲಿ ಆಫ್ರಿಕಾದ ಮಲಾವಿ ಸಿಕ್ಲಿಡ್ 30 ಇವೆ. ಎಂಟು ಇದ್ದಾಗ ದಿನಾ ಒಂದನ್ನೇ ಹಿಡಿದು ಹೊಡೆಯುತ್ತಿದ್ದವು. ಜಾಸ್ತಿ ಹಾಕಿದ ಮೇಲೆ ಯಾರೂ ಒಂದು ಮೂಲೆ ನನ್ನದು ಅಂತ ಹಿಡಿದು ಕೂರೋಕಾಗಲಿಲ್ಲ. ಜಗಳ ಇದೆ, ಸಾವು ಇಲ್ಲ.


ಕೌಲ್‌ಬಜಾರ್_ಬಳ್ಳಾರಿ
ಏಪ್ರಿಲ್ 15, ಬೆಳಿಗ್ಗೆ 7:45

ತಮ್ಮಾ, ನಿನ್ನ ಟ್ಯಾಂಕಿಗೆ ಅದು ಸರಿ. ಮಲಾವಿಯ ಆ ಜಾತಿಗಳಲ್ಲಿ ತಾಯಿ ಮೊಟ್ಟೆಯನ್ನು ಬಾಯಲ್ಲಿ ಇಟ್ಟುಕೊಳ್ಳುತ್ತದೆ, ಗಂಡ ಹೆಂಡತಿ ಸೇರಿ ಒಂದು ಗುಂಡಿ ಕಾಯುವುದಿಲ್ಲ. ನಿನ್ನ ಫಿಲ್ಟರ್ ಕೂಡ ಆ 30 ಮೀನಿನ ಹೊಲಸು ತಡೆಯುವಷ್ಟು ದೊಡ್ಡದಿರಬೇಕು. ಅಕ್ಕನದು 115 ಲೀಟರ್, ಒಳಗೆ ಮೊಟ್ಟೆ ಇಟ್ಟ ಜೋಡಿ. ಇಲ್ಲಿಗೆ ಆರು ಮೀನು ಹಾಕಿದರೆ ಆರೂ ಮೂಲೆ ಸೇರುತ್ತವೆ, ನೀರು ಕೆಡುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ ಅಕ್ಕಾ.


ಮುನಿರಾಬಾದ್_ದಂಡೆ
ಏಪ್ರಿಲ್ 15, ಸಂಜೆ 6:30

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಟೀಚರ್ ಗಮನಿಸಿದ ಕರಿಕಲ್ಲಿನ ಗೆರೆಯನ್ನು ನಾಳೆ ನನ್ನ ಕ್ಲಾಸಿನಲ್ಲಿ ಹೇಳಬೇಕು ಅಂತಿದ್ದೇನೆ.

ನಿಕೋ ಟಿನ್‌ಬರ್ಗನ್ ಅನ್ನುವ ವಿಜ್ಞಾನಿ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನಿನಲ್ಲಿ ಇದನ್ನೇ ನೋಡಿದರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕೆ 1973ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವರೂ ಒಬ್ಬರು. ಒಂದೇ ಟ್ಯಾಂಕಿನಲ್ಲಿ ಎರಡು ಗಂಡು, ಎರಡು ಕೊನೆಯಲ್ಲಿ ಅವುಗಳ ಗೂಡು. ಎರಡನ್ನೂ ಬೇರೆ ಬೇರೆ ಗಾಜಿನ ಕೊಳವೆಯಲ್ಲಿ ಹಾಕಿ ಮೊದಲನೆಯದರ ಗೂಡಿನ ಹತ್ತಿರ ಒಯ್ದರು. ಮೊದಲನೆಯದು ಗಾಜಿಗೆ ಹಾದು ಹಾದು ಹೊಡೆಯಲು ನೋಡಿತು, ಎರಡನೆಯದು ಓಡಿಹೋಗಲು ನೋಡಿತು. ಅದೇ ಕೊಳವೆಗಳನ್ನು ಎರಡನೆಯದರ ಗೂಡಿನ ಹತ್ತಿರ ತಂದರು. ಈಗ ಓಡುತ್ತಿದ್ದದ್ದು ಹೊಡೆಯಲು ಬಂತು, ಹೊಡೆಯುತ್ತಿದ್ದದ್ದು ಓಡಲು ನೋಡಿತು. ಮೀನು ಅವೇ ಎರಡು. ಬದಲಾದದ್ದು ಜಾಗ.

ಇದನ್ನು ನೀವೂ ಉಪಯೋಗಿಸಬಹುದು. ಮುಂದೆ ಎಂದಾದರೂ ಜಾಲಿ ತೆಗೆದು ಮೀನು ಸೇರಿಸುವಾಗ ಕಲ್ಲು, ಕುಡಿಕೆ ಎಲ್ಲಾ ಸ್ಥಳ ಬದಲಿಸಿ, ಆಮೇಲೆ ಬಿಡಿ. ಹಳೆಯ ಗುರುತು ಹೋದರೆ ಹಳೆಯ ಹಕ್ಕೂ ಸಡಿಲವಾಗುತ್ತದೆ. ಮರಿ ಇರುವಾಗ ಮಾತ್ರ ಇದು ನಡೆಯುವುದಿಲ್ಲ.

ಇನ್ನು ಕೆರೆಯ ಮಾತು. ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಬೇಸಿಗೆಯಲ್ಲಿ ಡ್ಯಾಮಿನ ಹಿನ್ನೀರು ಇಳಿದಾಗ ದಂಡೆಯ ಕೆಸರಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡಿಗಳನ್ನು ನಾನು ನೋಡಿದ್ದೇನೆ, ಒಂದರ ಪಕ್ಕ ಒಂದು. ಅವು ಜಿಲೇಬಿ ಮೀನಿನ ಗಂಡುಗಳು ತೋಡಿದ ಗುಂಡಿ. ಜಿಲೇಬಿ ಅಂದರೆ ತಿಲಾಪಿಯಾ. ಅದೂ ಸಿಕ್ಲಿಡ್ ಕುಟುಂಬವೇ, ಕಾನ್ವಿಕ್ಟ್‌ನ ನೆಂಟ. ಆಫ್ರಿಕಾದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಈಗ ಅದಿಲ್ಲದ ಕೆರೆ ಹುಡುಕುವುದು ಕಷ್ಟ. ಕಾನ್ವಿಕ್ಟ್ ಕೂಡ ಗಡುಸು ನೀರು, ಶೆಕೆ ಎರಡಕ್ಕೂ ಒಗ್ಗುವ ಮೀನು. ಸಿಕ್ಕಿದ್ದು ತಿನ್ನುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ, ಮರಿಯನ್ನು ಕಾಯುತ್ತದೆ. ನಮ್ಮ ಹೊಳೆ ಕೆರೆಯ ಸಣ್ಣ ಮೀನುಗಳಿಗೆ ಇದನ್ನು ತಡೆಯುವ ಶಕ್ತಿ ಇಲ್ಲ. ಒಂದು ಜೋಡಿಯನ್ನೂ ಬಿಡಬೇಡಿ.


ಮಾವಿನಕೆರೆ_ರಾಯಚೂರು
ಏಪ್ರಿಲ್ 27, ರಾತ್ರಿ 8:50

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತೇ ರಾತ್ರಿ ಹನ್ನೊಂದಕ್ಕೆ ಗೌರಾಮಿಯನ್ನು ಬಕೆಟ್‌ಗೆ ತಂದೆ. ನೀರಿಗೆ ಬಿಟ್ಟ ತಕ್ಷಣ ಮೇಲೆ ಬಂದು ಬಾಯಿ ತೆರೆದು ಗಾಳಿ ತಗೊಂಡಿತು. ಒಂದಾದ ಮೇಲೊಂದು, ನಾಲ್ಕು ಸಲ. ನಾನು ಬಕೆಟ್ ಪಕ್ಕ ನೆಲದ ಮೇಲೆ ಕೂತು ಎಣಿಸಿದೆ.

ಬಳ್ಳಾರಿ ಅಣ್ಣ, ನೀವು ಹೇಳಿದ್ದು ಸರಿಯಾಗಿತ್ತು, ಒಂದು ಬಾರ್ಬ್ ಫಿಲ್ಟರ್ ಹಿಂದೆ ಕೊಳೆತು ಹೋಗಿತ್ತು. ತೆಗೆದೆ. ಕಾಲು ಭಾಗ ನೀರು ಬದಲಿಸಿದೆ. ನೀರು ಬದಲಿಸುವಾಗ ಗಂಡು ನನ್ನ ಬೆರಳಿಗೂ ಬಂದು ಕಚ್ಚಿತು. ನೋವಿಲ್ಲ, ಮರಳು ಕಾಗದ ಉಜ್ಜಿದ ಹಾಗೆ. ಅಷ್ಟು ಸಣ್ಣ ಮೀನಿಗೆ ನನ್ನ ಕೈ ಎಷ್ಟು ದೊಡ್ಡದಾಗಿ ಕಂಡಿರಬೇಕು! ಆದರೂ ಹಿಂದೆ ಸರಿಯಲಿಲ್ಲ.

ಮಾರನೇ ದಿನ ಜಾಲಿ ತಂದೆ. ಮೊದಲನೆಯ ಸಲ ತಪ್ಪು ಮಾಡಿದೆ, ಉಸುಕಿನ ಮೇಲೇ ನಿಲ್ಲಿಸಿದೆ. ಒಂದೇ ರಾತ್ರಿಯಲ್ಲಿ ಗಂಡು ಬುಡ ತೋಡಿ ಬಾರ್ಬ್‌ಗಳ ಕಡೆ ಹೋಗಿತ್ತು. ಮತ್ತೆ ಗಾಜಿನ ತನಕ ಇಳಿಸಿ ಕೂರಿಸಿದೆ. ಪರಶಿ ತುಂಡು ಮನೆ ಹಿಂದೆಯೇ ಇದ್ದವು, ನೆಲಕ್ಕೆ ಹಾಸಿ ಉಳಿದಿದ್ದವು. ಅವನ್ನು ನಿಲ್ಲಿಸಿದ ಮೇಲೆ ಆದ ಬದಲಾವಣೆ ನನ್ನ ಕಣ್ಣಿನಿಂದ ನೋಡಿದೆ. ಬರೀ ಜಾಲಿ ಇದ್ದಾಗ ಗಂಡು ಅದಕ್ಕೆ ಮೂತಿ ಒತ್ತಿ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಕಲ್ಲು ಬಂದು ಆಚೆ ಕಡೆ ಮರೆಯಾದ ಮೇಲೆ ಎರಡು ಸಲ ಬಂದು ನೋಡಿತು, ಆಮೇಲೆ ಕುಡಿಕೆ ಕಡೆ ಹೋಯಿತು. ಮತ್ತೆ ಬರಲಿಲ್ಲ.

ಫ್ಯಾನ್ ಹಾಕಿದ ಮೇಲೆ ನೀರು 30 ತೋರಿಸುತ್ತಿದೆ. ದಿನಾ ಎರಡು ಚೆಂಬು ನೀರು ಆರಿಹೋಗುತ್ತದೆ, ಒಂದು ದಿನ ಇಟ್ಟ ನಲ್ಲಿ ನೀರು ತುಂಬುತ್ತೇನೆ. ಹೋದ ಮಂಗಳವಾರ ಕರೆಂಟ್ ಮೂರೂವರೆ ತಾಸು ಇರಲಿಲ್ಲ. ಬ್ಯಾಟರಿ ಪಂಪ್ ಇನ್ನೂ ತಂದಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಗ್‌ನಿಂದ ನೀರು ಎತ್ತಿ ಮೇಲಿಂದ ಸುರಿದೆ. ಮರುದಿನವೇ ಪಂಪ್ ತಂದೆ.

ಮರಿ 20ನೇ ತಾರೀಕು ಎದ್ದವು. ಸೊಳ್ಳೆ ಮೋಡದ ಹಾಗೆ ಒಂದೇ ಗುಂಪು. ಮೀನಿನ ಊಟವನ್ನು ಬೆರಳಲ್ಲಿ ಹಿಟ್ಟಿನ ಹಾಗೆ ಪುಡಿ ಮಾಡಿ ಹಾಕುತ್ತೇನೆ. ತಾಯಿ ಉಸುಕಿಗೆ ಹೊಟ್ಟೆ ತಾಗಿಸಿ ರೆಕ್ಕೆ ಬಡಿಯುತ್ತದೆ, ಅಡಿಯಲ್ಲಿ ಸಿಕ್ಕಿದ ಪುಡಿ ಮೇಲೆ ಏಳುತ್ತದೆ, ಮರಿಗಳು ಅಲ್ಲಿಗೆ ನುಗ್ಗುತ್ತವೆ. ಸಂಜೆ ಲೈಟ್ ಆರಿಸುವ ಹೊತ್ತಿಗೆ ಇಬ್ಬರೂ ದಾರಿ ತಪ್ಪಿದ ಮರಿಗಳನ್ನು ಬಾಯಲ್ಲಿ ತುಂಬಿಕೊಂಡು ಹೋಗಿ ಕುಡಿಕೆಯೊಳಗೆ ಉಗುಳುತ್ತವೆ. ಮೊದಲ ಸಲ ನೋಡಿದಾಗ ತಿಂದೇಬಿಟ್ಟವು ಅಂತ ಎದೆ ಧಸಕ್ಕೆಂದಿತು.

ಗೌರಾಮಿ ಈಗ ಬಲಗಡೆ ಮೂರು ಬಾರ್ಬ್ ಜೊತೆ ಇದೆ. ತುಂಡಾದ ಎಳೆ ಅರ್ಧ ಇಂಚು ಬೆಳೆದಿದೆ, ತುದಿ ಬಿಳಿ. ಬಾಲದ ಹರಿದ ಜಾಗದಲ್ಲೂ ತೆಳುವಾದ ಪೊರೆ ಕಾಣುತ್ತದೆ.

ಮುನಿರಾಬಾದ್ ಸರ್, ಪಕ್ಕದ ಮನೆಯವರಿಗೆ ಜಿಲೇಬಿ ಮೀನಿನ ಕಥೆ ಹೇಳಿದೆ. ಅವರಿಗೆ ಆ ಮೀನು ತಿಂದು ಗೊತ್ತು, ಹೊರಗಿನಿಂದ ಬಂದದ್ದು ಅಂತ ಗೊತ್ತಿರಲಿಲ್ಲ.

ಈಗ ಎರಡು ಪ್ರಶ್ನೆ ಉಳಿದಿವೆ. ಮರಿ ದೊಡ್ಡವಾದ ಮೇಲೆ ಗಂಡು ಹೆಣ್ಣನ್ನು ಬೇರೆ ಮಾಡಲೇ? ಮಗನ ಹಳೆಯ ಎರಡಡಿ ಟ್ಯಾಂಕ್ ಅಟ್ಟದ ಮೇಲಿದೆ, ಸೋರುತ್ತದೋ ಇಲ್ಲವೋ ನೀರು ತುಂಬಿ ನೋಡಬೇಕು. ಇನ್ನೊಂದು, ಸುಮಾರು 60 ಮರಿ ಉಳಿದಿವೆ. ಬೇರೆ ಟ್ಯಾಂಕ್ ಇರುವವರು, ಬೇರೆ ಮೀನಿನ ಜೊತೆ ಬಿಡದೆ ಸಾಕುವವರು ಯಾರಾದರೂ ಇದ್ದರೆ ಹೇಳಿ. ಜೂನ್ ಹೊತ್ತಿಗೆ ಒಂದಿಂಚು ಆಗಬಹುದು. ದುಡ್ಡು ಬೇಡ.


ಕೌಲ್‌ಬಜಾರ್_ಬಳ್ಳಾರಿ
ಏಪ್ರಿಲ್ 27, ರಾತ್ರಿ 9:15

ಬೇರೆ ಮಾಡಿ ಅಕ್ಕಾ, ಇಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಮೊಟ್ಟೆ. ಹೆಣ್ಣು ಸುಸ್ತಾಗುತ್ತದೆ, ಕೆಲವು ಸಲ ಗಂಡು ಅದಕ್ಕೇ ಹೊಡೆಯಲು ಶುರು ಮಾಡುತ್ತದೆ. ಎರಡಡಿ ಟ್ಯಾಂಕನ್ನು ಅಂಗಳದಲ್ಲಿಟ್ಟು ತುಂಬಿಸಿ ಎರಡು ದಿನ ನೋಡಿ. ಸೋರಿದರೆ ಹಳೆಯ ಸಿಲಿಕಾನ್ ಪೂರ್ತಿ ಕೆರೆದು ತೆಗೆದು ಹೊಸದು ಹಚ್ಚಬೇಕು, ಮೇಲೆ ಮೇಲೆ ಹಚ್ಚಿದರೆ ನಿಲ್ಲುವುದಿಲ್ಲ. ಮರಿ ನನಗೆ ಹತ್ತು ಇರಲಿ. ಜೂನ್‌ನಲ್ಲಿ ರಾಯಚೂರಿಗೆ ಬರುವ ಕೆಲಸ ಇದೆ, ನಾನೇ ಬಂದು ಒಯ್ಯುತ್ತೇನೆ.